ಎಳೆಯ ಮಗುವಿನೊಡನೆ ಬೇಸಿಗೆಯ ಬೆಂಗಳೂರು



ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಬರುತ್ತಿದ್ದಂತೆ ನಾಡಿನ ನಾನಾ ಊರುಗಳಿಂದ ಬೆಂಗಳೂರಿಗೆ ಬರುವ ರೈಲು, ಬಸ್ಸುಗಳು ಮಕ್ಕಳಿಂದ ತುಂಬಿಹೋಗುತ್ತವೆ. ರಾಜಾಜಿನಗರದಲ್ಲಿ ಸೋದರತ್ತೆಯ ಮನೆ, ವಿಜಯನಗರದಲ್ಲಿ ಚಿಕ್ಕಪ್ಪನ ಮನೆ, ಬಸವೇಶ್ವರನಗರದಲ್ಲಿ ಅಜ್ಜಿಯ ಮನೆ, ಕೆಂಗೇರಿಯಲ್ಲಿ ಸೋದರಮಾವ ಹೊಸದಾಗಿ ಕಟ್ಟಿಸಿದ ಮನೆ. ಹೀಗೆ ನಗರದ ಪಶ್ಚಿಮ ಭಾಗದಲ್ಲಿ ಯಾರಾದರೂ ಒಬ್ಬರು ನೆಂಟರು ಬಹಳಷ್ಟು ಕುಟುಂಬಗಳಿಗೆ ಇದ್ದೇ ಇರುತ್ತಾರೆ. ಶಾಲೆಗೆ ಹೋಗುವ ಅಣ್ಣ, ಅಕ್ಕಂದಿರ ಜೊತೆಗೆ ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಒಂದೆರಡು ವರ್ಷದ ಪುಟಾಣಿಯೂ ಹೊರಟುಬರುತ್ತದೆ. ನೋಡಬೇಕಾದ ಸ್ಥಳಗಳ ಪಟ್ಟಿ ತಯಾರಾಗುವಾಗ ಈ ಪುಟಾಣಿಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳಲು ಅದಕ್ಕೆ ಬಾರದು. ಇಂದಿನ ನನ್ನ ಮಾತು ಆ ಪುಟಾಣಿಯ ಪರವಾಗಿ.

ಬೆಂಗಳೂರು ತಂಪಾದ ಊರು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳಿಂದ ಬಂದವರಿಗಂತೂ ಇಲ್ಲಿಯ ಬೇಸಿಗೆ ಬೇಸಿಗೆಯೇ ಅಲ್ಲ. ಈ ನಂಬಿಕೆಗೆ ಆಧಾರವಿಲ್ಲದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಸಂಜೆಯಾಗುತ್ತಿದ್ದಂತೆ ಗಾಳಿ ಹಿತವಾಗುತ್ತದೆ, ಬೆಳಗಿನ ಜಾವ ಮಗುವಿಗೆ ಹೊದಿಕೆಯೂ ಬೇಕಾದೀತು. ಆದರೆ ನಡುಹಗಲಿನ ಕಥೆಯೇ ಬೇರೆ. ಏಪ್ರಿಲ್ ತಿಂಗಳು ಇಲ್ಲಿ ವರ್ಷದ ಅತ್ಯಂತ ಬಿಸಿಯ ತಿಂಗಳು. ಗರಿಷ್ಠ ಉಷ್ಣಾಂಶ ಸರಾಸರಿ 34 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. 2016ರ ಏಪ್ರಿಲ್‌ನಲ್ಲಿ ಅದು 39.2 ಡಿಗ್ರಿಗೆ ಏರಿ ದಾಖಲೆಯಾಯಿತು. 2024ರಲ್ಲಂತೂ ಇಡೀ ಏಪ್ರಿಲ್ ತಿಂಗಳು ನಗರದ ಮಳೆಮಾಪಕದಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ, ಕೊಳವೆಬಾವಿಗಳು ಬತ್ತಿ ನೀರಿಗೆ ಪರದಾಟವಾಯಿತು.

ಇದರ ಜೊತೆಗೆ ಸೂರ್ಯನ ಸ್ಥಾನವನ್ನೂ ಗಮನಿಸಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಪ್ರತಿವರ್ಷ ಏಪ್ರಿಲ್ 24ರ ಆಸುಪಾಸಿನಲ್ಲಿ, ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ, ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಇದನ್ನು ಕರೆಯುತ್ತಾರೆ. ದೊಡ್ಡ ಮಕ್ಕಳಿಗೆ ಮನೆಯ ತಾರಸಿಯ ಮೇಲೆ ಒಂದು ಲೋಟ ಬೋರಲು ಹಾಕಿ ಐದು ನಿಮಿಷ ತೋರಿಸಬಹುದಾದ ಸೊಗಸಾದ ಪ್ರಯೋಗ ಇದು. ಆದರೆ ಪುಟ್ಟ ಮಗುವಿನ ಲೆಕ್ಕದಲ್ಲಿ ಇದರ ಅರ್ಥ ಬೇರೆ. ಬೇಸಿಗೆ ರಜೆಯ ನಡುಹಗಲಿನಲ್ಲಿ ಗೋಡೆಯ ಪಕ್ಕದಲ್ಲಿ ನಿಂತರೂ ನೆರಳು ಸಿಕ್ಕುವುದಿಲ್ಲ. ಎತ್ತರದ ಊರಾದ್ದರಿಂದ ಬಿಸಿಲಿನಲ್ಲಿ ನೇರಳಾತೀತ ಕಿರಣಗಳ ಪಾಲೂ ತುಸು ಹೆಚ್ಚು. ಗಾಳಿ ಬೀಸುತ್ತಿದ್ದರೆ ಬಿಸಿಲು ಸುಡುತ್ತಿರುವುದು ನಮಗೆ ತಿಳಿಯುವುದೂ ಇಲ್ಲ.

ಈಗ ಮಗುವಿನ ದೇಹದ ಕಡೆಗೆ ಬರೋಣ. ಮಗು ಎಂದರೆ ಚಿಕ್ಕ ಅಳತೆಯ ದೊಡ್ಡವರಲ್ಲ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ನಮಗಿಂತ ಹೆಚ್ಚು. ಆದ್ದರಿಂದ ಸುತ್ತಲಿನ ಬಿಸಿ ಅದರ ಮೈಗೆ ಬೇಗ ಇಳಿಯುತ್ತದೆ. ಅದರ ಬೆವರು ಗ್ರಂಥಿಗಳು ನಮ್ಮವುಗಳಷ್ಟು ಬೆವರನ್ನು ಹೊರಹಾಕಲಾರವು. ಅದು ನಡೆಯುವುದು ರಸ್ತೆಗೆ ತೀರ ಸಮೀಪದಲ್ಲಿ. ಕಾದ ಡಾಂಬರಿನ ಝಳ ನಮ್ಮ ಮೊಣಕಾಲಿಗೆ ತಾಗಿದರೆ ಅದರ ಮುಖಕ್ಕೇ ತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಯಾರಿಕೆಯಾಗಿದೆ ಎಂದು ಎಷ್ಟೋ ಮಕ್ಕಳು ಹೇಳುವುದಿಲ್ಲ. ಆಟದ ಗುಂಗಿನಲ್ಲಿ ಅದಕ್ಕೆ ತಿಳಿಯುವುದಿಲ್ಲ, ತಿಳಿದಾಗ ಅದು ಅಳುತ್ತದೆ, ನಾವು ಹಟ ಎಂದುಕೊಳ್ಳುತ್ತೇವೆ.

ಕರಾವಳಿಯಿಂದ ಬರುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಮಂಗಳೂರು, ಕಾಸರಗೋಡುಗಳಲ್ಲಿ ಗಾಳಿಯಲ್ಲಿ ತೇವ ಹೆಚ್ಚು; ಬೆವರು ಆರದೆ ಮೈಮೇಲೆ ನಿಲ್ಲುತ್ತದೆ, ಅಂಗಿ ಒದ್ದೆಯಾಗುತ್ತದೆ, ತಾಯಿಗೆ ಕಾಣುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದ ಗಾಳಿ ಒಣಗಾಳಿ. ಇಲ್ಲಿ ಬೆವರು ಬಂದ ಕ್ಷಣದಲ್ಲೇ ಆರಿಹೋಗುತ್ತದೆ. 'ಮಗು ಬೆವರಲೇ ಇಲ್ಲ, ಹವಾ ಚೆನ್ನಾಗಿದೆ' ಎಂದು ನಾವು ಸಮಾಧಾನಪಡುತ್ತಿರುವಾಗಲೇ ಅದರ ಮೈಯಿಂದ ನೀರು ಹೋಗುತ್ತಿರುತ್ತದೆ. ಕಾಣದ ಬೆವರು ಮತ್ತು ಹೇಳದ ಬಾಯಾರಿಕೆ – ಬೆಂಗಳೂರಿನ ಬೇಸಿಗೆಯಲ್ಲಿ ನಾವು ಎಚ್ಚರ ವಹಿಸಬೇಕಾದದ್ದು ಈ ಎರಡರ ಬಗ್ಗೆ.

ಹಾಗಾದರೆ ಮಗುವನ್ನು ಕರೆದುಕೊಂಡು ಹೊರಗೆ ಹೋಗಲೇಬಾರದೆ? ಖಂಡಿತ ಹೋಗಬೇಕು. ದೂರದರ್ಶನದಲ್ಲಿ ಹೊರಾಂಗಣ ಚಿತ್ರೀಕರಣ ಮಾಡುವ ನಮ್ಮಂಥವರು ಅನುಸರಿಸುವ ಒಂದು ಕ್ರಮವನ್ನು ಇಲ್ಲಿ ಹೇಳಬಹುದು. ನಡುಹಗಲಿನಲ್ಲಿ ಬೆಳಕು ನೆತ್ತಿಯ ಮೇಲಿಂದ ಬೀಳುವುದರಿಂದ ಮುಖದ ಮೇಲೆ, ಕಣ್ಣಿನ ಕೆಳಗೆ ಕಪ್ಪು ನೆರಳು ಬಿದ್ದು ಚಿತ್ರ ಚೆನ್ನಾಗಿ ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಬೇಗ ಕೆಲಸ ಆರಂಭಿಸಿ ಹತ್ತೂವರೆ, ಹನ್ನೊಂದರ ಹೊತ್ತಿಗೆ ಕ್ಯಾಮೆರಾ ಮುಚ್ಚಿಡುತ್ತೇವೆ, ಮತ್ತೆ ತೆರೆಯುವುದು ನಾಲ್ಕರ ನಂತರ. ಕ್ಯಾಮೆರಾಕ್ಕೆ ಒಪ್ಪುವ ಈ ವೇಳಾಪಟ್ಟಿ ಮಗುವಿಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಬೆಳಿಗ್ಗೆ ಒಂದು ಸ್ಥಳ, ಸಂಜೆ ಒಂದು ಸ್ಥಳ, ನಡುವಿನ ಐದಾರು ಗಂಟೆ ಮನೆ, ಊಟ, ನಿದ್ದೆ. ದಿನಕ್ಕೆ ಐದು ಸ್ಥಳಗಳ ಪಟ್ಟಿ ಮಾಡಿದವರು ಎರಡಕ್ಕೆ ಇಳಿಸಬೇಕು, ಅಷ್ಟೇ.

ಪಶ್ಚಿಮ ಬೆಂಗಳೂರಿನಲ್ಲಿ ಇಳಿದುಕೊಂಡವರಿಗೆ ಈ ಕ್ರಮ ಕಷ್ಟವಲ್ಲ. ಮುಖ್ಯ ಕಾರಣ ನಮ್ಮ ಮೆಟ್ರೊ. ಹಸಿರು ಮಾರ್ಗ ರಾಜಾಜಿನಗರಕ್ಕೆ ಬಂದದ್ದು 2014ರಲ್ಲಿ. ನೇರಳೆ ಮಾರ್ಗ ವಿಜಯನಗರವನ್ನು ಹಾದು ಮೈಸೂರು ರಸ್ತೆಗೆ ಬಂದದ್ದು 2015ರಲ್ಲಿ. ಅದು ಕೆಂಗೇರಿಯನ್ನು 2021ರಲ್ಲಿ ಮುಟ್ಟಿತು, ಅದರಾಚೆಯ ಚಲ್ಲಘಟ್ಟವನ್ನು 2023ರಲ್ಲಿ. ದೊಡ್ಡವರಿಗೆ ಮೆಟ್ರೊ ಎಂದರೆ ಊರು ಸೇರುವ ದಾರಿ. ಎರಡು ವರ್ಷದ ಮಗುವಿಗೆ ಅದೇ ಒಂದು ನೋಡುವ ಸ್ಥಳ. ವಿಜಯನಗರದಲ್ಲಿ ಹತ್ತಿ ಕಿಟಕಿಯ ಬಳಿ ನಿಲ್ಲಿಸಿಕೊಂಡು ಕೆಂಗೇರಿಯವರೆಗೆ ಹೋಗಿಬನ್ನಿ. ಕೆಳಗೆ ಮೈಸೂರು ರಸ್ತೆಯ ಬಸ್ಸು, ಲಾರಿಗಳು, ರಸ್ತೆಯ ಜೊತೆಜೊತೆಗೇ ಸಾಗುವ ವೃಷಭಾವತಿಯ ಕಣಿವೆ, ಜ್ಞಾನಭಾರತಿಯ ಹಸಿರು, ಎಲ್ಲವೂ ತಂಪಾದ ಗಾಡಿಯೊಳಗಿಂದಲೇ ಕಾಣುತ್ತವೆ. ಕಚೇರಿಗೆ ಹೋಗುವವರ ನೂಕುನುಗ್ಗಲಿನ ಹೊತ್ತನ್ನು ಮಾತ್ರ ತಪ್ಪಿಸಬೇಕು. ಅದೇ ನೇರಳೆ ಮಾರ್ಗದಲ್ಲಿ ಪೂರ್ವಕ್ಕೆ ಹೊರಟರೆ ಕಬ್ಬನ್ ಉದ್ಯಾನ ಸಿಗುತ್ತದೆ. ಬೆಳಗಿನ ಏಳೂವರೆಗೆ ಅಲ್ಲಿದ್ದರೆ ಹತ್ತು ಗಂಟೆಗೆ ಮನೆಗೆ ಮರಳಬಹುದು.

ಜ್ಞಾನಭಾರತಿ ಎಂದೆ. ಬೆಂಗಳೂರು ವಿಶ್ವವಿದ್ಯಾಲಯದ ಈ ವಿಶಾಲ ಆವರಣದಲ್ಲಿ ಕಾಡಿನಂತೆ ಬೆಳೆಸಿದ ಜೀವವೈವಿಧ್ಯ ವನವಿದೆ. ಮರದ ನೆರಳಿಗೂ ತಗಡಿನ ಮಾಡಿನ ನೆರಳಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಮೈಯೇ ತಿಳಿಸುತ್ತದೆ. ತಗಡು ತಾನೂ ಕಾದು ಕೆಳಗೆ ಕೂತವರ ಮೇಲೆ ಶಾಖ ಸುರಿಸುತ್ತದೆ. ಮರದ ಎಲೆಗಳು ನೀರನ್ನು ಆವಿಯಾಗಿ ಬಿಡುತ್ತ ತಾವೂ ತಣ್ಣಗಿದ್ದು ಸುತ್ತಲಿನ ಗಾಳಿಯನ್ನೂ ತಣಿಸುತ್ತವೆ. ಬೇಸಿಗೆಯಲ್ಲೇ ಹೊಸ ಚಿಗುರು ತೊಡುವ ಹೊಂಗೆಯ ನೆರಳನ್ನು ನಮ್ಮ ಹಿರಿಯರು ಅಷ್ಟು ಕೊಂಡಾಡಿದ್ದು ಸುಮ್ಮನೆ ಅಲ್ಲ. ಸ್ವಂತ ವಾಹನವಿದ್ದವರು ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದುವರಿದು, ಕುಂಬಳಗೋಡಿನ ಬಳಿ ಬಲಕ್ಕೆ ತಿರುಗಿ ದೊಡ್ಡ ಆಲದ ಮರಕ್ಕೂ ಹೋಗಬಹುದು. ಸುಮಾರು 400 ವರ್ಷದ್ದೆಂದು ಹೇಳಲಾಗುವ, ಮೂರು ಎಕರೆಯಷ್ಟು ಹರಡಿರುವ ಈ ಮರದ ಮೂಲ ಕಾಂಡ ಈಗ ಇಲ್ಲ. ನೆಲಕ್ಕಿಳಿದ ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತು ನಿಂತಿವೆ. ಬಿಳಲುಗಳ ನಡುವೆ ಕಣ್ಣಾಮುಚ್ಚಾಲೆ ಆಡುವುದು ಮಕ್ಕಳಿಗೆ ಇಷ್ಟ. ಅಲ್ಲಿ ಕೋತಿಗಳಿವೆ, ಮಗುವಿನ ಕೈಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಕೊಟ್ಟು ಬಿಡಬೇಡಿ.

ರಾಜಾಜಿನಗರದ ಪಶ್ಚಿಮ ಕಾರ್ಡ್ ರಸ್ತೆಯ ಪಕ್ಕದ ಗುಡ್ಡದ ಮೇಲೆ 1997ರಲ್ಲಿ ಉದ್ಘಾಟನೆಯಾದ ಇಸ್ಕಾನ್ ಮಂದಿರವನ್ನು ನೋಡದೆ ಹೋಗುವ ನೆಂಟರು ಕಡಿಮೆ. ಮಧ್ಯಾಹ್ನ ಹೆಚ್ಚಿನ ದೇವಸ್ಥಾನಗಳು ಬಾಗಿಲು ಹಾಕಿರುತ್ತವೆ, ತೆರೆದಿದ್ದರೂ ಅಂಗಳದ ಕಲ್ಲುಹಾಸು ಕಾದಿರುತ್ತದೆ. ಹಿರಿಯರು ಬರಿಗಾಲಲ್ಲಿ ಓಡಿ ದಾಟಿಬಿಡುತ್ತಾರೆ, ಮಗುವಿನ ಎಳೆಯ ಪಾದ ಬೊಬ್ಬೆ ಬಂದೀತು. ಯಾವ ದೇವಸ್ಥಾನವೇ ಆಗಲಿ, ಬಿಸಿಲೇರುವ ಮುನ್ನ ಅಥವಾ ಸಂಜೆ ಹೋಗುವುದು ಲೇಸು. ಚೀಲದಲ್ಲಿ ಒಂದು ಜೊತೆ ಹತ್ತಿಯ ಕಾಲುಚೀಲ ಇರಲಿ.

ಓಡಾಟದ ಬಗ್ಗೆ ಎರಡು ಮಾತು. ಬಸವೇಶ್ವರನಗರದಿಂದ ಮೆಟ್ರೊ ನಿಲ್ದಾಣದವರೆಗೆ ಚಿಕ್ಕಪ್ಪ ಸ್ಕೂಟರಿನಲ್ಲಿ ಬಿಡುತ್ತೇನೆನ್ನುತ್ತಾರೆ, ಮಗುವನ್ನು ಮುಂದೆ ನಿಲ್ಲಿಸಿಕೊಳ್ಳುತ್ತಾರೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಅದರ ಅಳತೆಯ ಹೆಲ್ಮೆಟ್ ಹಾಕಿ, ಸವಾರನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ಬಳಸಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ 2023ರಿಂದ ಜಾರಿಯಲ್ಲಿದೆ. ಅವು ಇಲ್ಲದಿದ್ದರೆ ಆಟೋ ವಾಸಿ. ಕಾರಿದ್ದವರು 'ಎರಡೇ ನಿಮಿಷ' ಎಂದು ಮಲಗಿದ ಮಗುವನ್ನು ಕಾರಿನಲ್ಲೇ ಬಿಟ್ಟು ಅಂಗಡಿಗೆ ಇಳಿಯಬಾರದು. ಗಾಜಿನ ಮೂಲಕ ಒಳಬಂದ ಬಿಸಿಲಿನ ಶಾಖ ಹೊರಹೋಗಲಾರದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣಾಂಶ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರಬಲ್ಲದು. ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿದರೂ ಹೆಚ್ಚೇನೂ ಪ್ರಯೋಜನವಿಲ್ಲ.

ಮನೆಯೊಳಗಿನ ನಡುಹಗಲು ಹೇಗಿರಬೇಕು? ನೆಂಟರಿಗೆಂದು ಸಾಮಾನ್ಯವಾಗಿ ಮೇಲಿನ ಮಹಡಿಯ ಕೋಣೆ ಕೊಡುತ್ತೇವೆ. ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲನ್ನು ಕುಡಿದು ಅದನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ಹಾಗಾಗಿ ಹೊರಗೆ ತಂಪಾದ ಮೇಲೂ, ರಾತ್ರಿ ಎಂಟು ಒಂಬತ್ತು ಗಂಟೆಯಲ್ಲಿ ಆ ಕೋಣೆ ಬೇಯುತ್ತಿರುತ್ತದೆ. ಎಳೆ ಮಗುವಿರುವವರಿಗೆ ಕೆಳಮನೆಯ ನಡುಕೋಣೆಯನ್ನೇ ಬಿಟ್ಟುಕೊಡಿ. ರಾಜಾಜಿನಗರದ ಹಳೆಯ ಮನೆಗಳ ಕೆಂಪು ಗಾರೆಯ ನೆಲದ ಮೇಲೆ ತೆಳುವಾದ ಚಾಪೆ ಹಾಸಿದರೆ ಮಗು ಸುಖವಾಗಿ ನಿದ್ರಿಸುತ್ತದೆ. ದೊಡ್ಡ ಮಕ್ಕಳು ಮಲಗಲು ಒಲ್ಲೆವೆಂದರೆ ಹಂಪಿನಗರದ ನಗರ ಕೇಂದ್ರ ಗ್ರಂಥಾಲಯವಿದೆ. ಬಿಸಿಲೇರುವ ಮೊದಲೇ ಅವರನ್ನು ಯಾರಾದರೂ ಅಲ್ಲಿ ಕೂರಿಸಿಕೊಳ್ಳಬಹುದು. ಕಿರಿಯನಿಗಾಗಿ ಹಿರಿಯರೂ ಮನೆಯಲ್ಲೇ ಕೂರಬೇಕೆಂದಿಲ್ಲ. ಕಿರಿಯನನ್ನು ಹಿರಿಯರ ಜೊತೆ ಎಳೆದುಕೊಂಡು ಹೋಗಬಾರದು, ಅಷ್ಟೇ ನನ್ನ ಕಳಕಳಿ.

ಇನ್ನು ನೀರು. ಆರು ತಿಂಗಳೊಳಗಿನ ಹಸುಗೂಸಿಗೆ ಎಂಥ ಬೇಸಿಗೆಯಲ್ಲೂ ತಾಯಿಯ ಹಾಲೇ ಸಾಕು, ಪದೇ ಪದೇ ಕುಡಿಸಬೇಕು. ಬೇರೆ ನೀರು ಬೇಡ. ಕುಡಿಸುವ ತಾಯಿ ಮಾತ್ರ ಚೆನ್ನಾಗಿ ನೀರು ಕುಡಿಯಬೇಕು. ದೊಡ್ಡ ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ದು, ಕೇಳಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕೊಡಿ. ಮನೆಯ ಮಜ್ಜಿಗೆ, ರಾಗಿ ಅಂಬಲಿ, ರಾಮನವಮಿಯ ಪಾನಕ, ಕಣ್ಣೆದುರಿಗೆ ಕೆತ್ತಿಕೊಟ್ಟ ಎಳನೀರು ಎಲ್ಲವೂ ಒಳ್ಳೆಯವೇ. ಕತ್ತರಿಸಿ ತೆರೆದಿಟ್ಟ ಕಲ್ಲಂಗಡಿ ಮತ್ತು ಬೀದಿಬದಿಯ ಹಣ್ಣಿನ ರಸಕ್ಕೆ ಹಾಕುವ ಮಂಜುಗಡ್ಡೆಯನ್ನು ದೂರವಿಡಿ. ಆ ಮಂಜುಗಡ್ಡೆ ಯಾವ ನೀರಿನದೆಂದು ನಮಗೆ ತಿಳಿಯದು. ಕಲ್ಲಂಗಡಿಯನ್ನು ಇಡಿಯಾಗಿ ತಂದು ಮನೆಯಲ್ಲೇ ಕೊಯ್ಯಬಹುದಲ್ಲ. ಜೊತೆಗೆ ಆತಿಥ್ಯ ನೀಡುತ್ತಿರುವ ಮನೆಯ ಸಂಪನ್ನೂ ನೆನಪಿಡಿ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಹಂತಹಂತವಾಗಿ ಮೇಲೇರಿ ಬಂದ ನೀರು.

ಪ್ರಯಾಣದಲ್ಲಿ ವಾಂತಿ, ಭೇದಿ ಶುರುವಾದರೆ ಪುನರ್ಜಲೀಕರಣ ಪುಡಿ, ಅಂದರೆ ಓ.ಆರ್.ಎಸ್., ಜೀವ ಉಳಿಸುತ್ತದೆ. ಇದರ ಹಿಂದಿನ ವಿಜ್ಞಾನ ಸರಳ. ಸಕ್ಕರೆ ಮತ್ತು ಉಪ್ಪು ತಕ್ಕ ಪ್ರಮಾಣದಲ್ಲಿ ಒಟ್ಟಿಗೆ ಇದ್ದಾಗ ಕರುಳಿನ ಗೋಡೆ ಅವೆರಡನ್ನೂ ಕೂಡಿಯೇ ಹೀರಿಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಬರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಕಾಲರಾ ಪೀಡಿತರಿಗೆ ಇದನ್ನೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಪ್ರಮಾಣ ತಪ್ಪಿದರೆ ಗುಣವೂ ತಪ್ಪುತ್ತದೆ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಇಡೀ ಪುಡಿಯನ್ನು ಒಂದು ಲೀಟರ್ ನೀರಿಗೇ ಕಲಸಬೇಕು, ಅಂದಾಜಿನಲ್ಲಿ ಲೋಟಕ್ಕೆ ಚಿಟಿಕೆ ಹಾಕುವುದಲ್ಲ. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಓ.ಆರ್.ಎಸ್. ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳೂ ಅಂಗಡಿಗಳಲ್ಲಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪಾನೀಯಗಳಿಗೆ ಆ ಹೆಸರು ಬಳಸುವುದನ್ನು ನಿಷೇಧಿಸಿತು. ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನೇ ಕೇಳಿ ಪಡೆಯಿರಿ.

ಅಪಾಯದ ಗುರುತುಗಳನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಆರು ಗಂಟೆಯಾದರೂ ಮಗು ಉಚ್ಚೆ ಹೊಯ್ಯದಿರುವುದು, ಹೊಯ್ದರೂ ಗಾಢ ಹಳದಿಯಾಗಿರುವುದು, ನಾಲಗೆ ಒಣಗಿರುವುದು, ಅಳುವಾಗ ಕಣ್ಣೀರು ಬಾರದಿರುವುದು, ಹಸುಗೂಸಿನ ನೆತ್ತಿ ಗುಳಿಬಿದ್ದಿರುವುದು, ಇವೆಲ್ಲ ಮೈಯಲ್ಲಿ ನೀರು ಕಡಿಮೆಯಾದುದರ ಸೂಚನೆಗಳು. ಕೂಡಲೇ ಕುಡಿಸಲು ತೊಡಗಿ ವೈದ್ಯರಿಗೆ ತೋರಿಸಿ. ಮೈ ಕೆಂಡದಂತೆ ಸುಡುತ್ತಿದ್ದು, ಮಗು ಮಂಕಾಗಿ, ಕರೆದರೆ ಸರಿಯಾಗಿ ನೋಡದೆ, ತೂಕಡಿಸುತ್ತಿದ್ದರೆ ಅಥವಾ ಸೆಟೆದುಕೊಂಡರೆ ಅದು ಬಿಸಿಲಿನ ಆಘಾತವಿರಬಹುದು. ಜ್ವರದ ಔಷಧಿ ಈ ಬಿಸಿಯನ್ನು ಇಳಿಸಲಾರದು. ನೆರಳಿಗೆ ತಂದು, ಬಟ್ಟೆ ಬಿಚ್ಚಿ, ಮೈಯೆಲ್ಲ ನೀರಿನಿಂದ ತೋಯಿಸಿ ಗಾಳಿ ಹಾಕುತ್ತಿರಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಇನ್ನೊಬ್ಬರು ಅದೇ ಹೊತ್ತಿಗೆ 108ಕ್ಕೆ ಕರೆ ಮಾಡಲಿ.

ಸಂಜೆಯ ಮಾತಿಲ್ಲದೆ ಬೆಂಗಳೂರಿನ ಬೇಸಿಗೆ ಪೂರ್ತಿಯಾಗದು. ನಮ್ಮ ರೈತರು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಹೆಸರಿಟ್ಟು ಕಾಯುವ ಮಳೆಗಳು ಬರುವುದು ಇದೇ ರಜೆಯ ದಿನಗಳಲ್ಲಿ. ಮಧ್ಯಾಹ್ನ ಮೂರರವರೆಗೆ ಉರಿದ ಆಕಾಶ ನಾಲ್ಕಕ್ಕೆ ಕಪ್ಪಾಗಿ, ಐದಕ್ಕೆ ಗುಡುಗಿ ಸುರಿದು, ಆರಕ್ಕೆ ತಿಳಿಯಾಗುವುದುಂಟು. ಮಿಂಚು ಕಂಡ ಮೇಲೆ ಒಂದು, ಎರಡು ಎಂದು ಎಣಿಸಿ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ, ಆಟದ ಬಯಲು ಬಿಟ್ಟು ಮನೆಯೊಳಗೆ ನಡೆಯಿರಿ. ಮರದ ಕೆಳಗೆ ನಿಲ್ಲುವುದು ಬೇಡ. ಬಿಸಿಲಿನಲ್ಲಿ ಕಾಪಾಡಿದ ಮರವೇ ಗಾಳಿಮಳೆಯಲ್ಲಿ ಕೊಂಬೆ ಮುರಿದು ಬೀಳಿಸೀತು. ನೀರು ನಿಂತ ಕೆಳಸೇತುವೆಗೆ ವಾಹನ ಇಳಿಸಲೇಬಾರದು. 2023ರ ಮೇ 21ರ ಮಳೆಯಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ, ಊರು ನೋಡಲು ಕುಟುಂಬದವರೊಡನೆ ಹೊರಟಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಅರ್ಧ ಗಂಟೆ ಯಾವುದಾದರೂ ಅಂಗಡಿಯ ಜಗಲಿಯಲ್ಲಿ ಕಾದು ನಿಂತರೆ ನಷ್ಟವೇನಿಲ್ಲ.

ಮಳೆ ನಿಂತ ಮೇಲೆ ಬೆಂಗಳೂರು ತನ್ನ ಹಳೆಯ ಹೆಸರಿಗೆ ತಕ್ಕಂತೆ ತಂಪಾಗುತ್ತದೆ. ಬೀದಿಯಲ್ಲಿ ಗುಲ್‌ಮೊಹರ್ ಹೂಗಳು ಉದುರಿರುತ್ತವೆ, ಸುಟ್ಟ ಜೋಳದ ತೆನೆಯ ಗಾಡಿ ಬರುತ್ತದೆ. ವಿಜಯನಗರದ ಮಾರುಕಟ್ಟೆಯ ಕಡೆ ಹೊರಡುವಾಗ ಮಗುವಿನ ಜೇಬಿನಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ; ಮನೆ ಬಿಡುವ ಮುನ್ನ ಅಂದಿನ ಉಡುಪಿನಲ್ಲೇ ಅದರದೊಂದು ಫೋಟೋ ತೆಗೆದುಕೊಳ್ಳಿ. ಜನಜಂಗುಳಿಯಲ್ಲಿ ಮಗು ಕೈತಪ್ಪಿದರೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಡಮಾಡದೆ ತಿಳಿಸಿ.

ರಜೆ ಮುಗಿಸಿ ಊರಿಗೆ ಹಿಂದಿರುಗಿದ ಮೇಲೆ ವಿಧಾನಸೌಧವನ್ನು ನೋಡಿದ್ದು ಎರಡು ವರ್ಷದ ಮಗುವಿಗೆ ನೆನಪಿರುವುದಿಲ್ಲ. ಸೋದರತ್ತೆಯ ಮನೆಯ ತಣ್ಣನೆಯ ನೆಲ, ಮೆಟ್ರೊ ಬಾಗಿಲು ತಾನಾಗಿ ತೆರೆದದ್ದು, ಆಲದ ಬಿಳಲು ಹಿಡಿದು ಜೋತಾಡಿದ್ದು, ಇಂಥವು ಎಲ್ಲೋ ಉಳಿದಾವು. ಅವುಗಳಿಗೆ ದಿನಕ್ಕೆರಡು ಸ್ಥಳ ಧಾರಾಳವಾಗಿ ಸಾಕು. ನೋಡದೆ ಉಳಿದ ಸ್ಥಳಗಳು ಮುಂದಿನ ಬೇಸಿಗೆಗೂ ಇಲ್ಲೇ ಇರುತ್ತವೆ, ಆಗ ಮಗು ಇನ್ನೊಂದು ಗೇಣು ಎತ್ತರವಾಗಿರುತ್ತದೆ. ನಿಮ್ಮೆಲ್ಲರ ರಜೆ ಸುಖಕರವಾಗಲಿ.